ಕಡ್ಡಿಯಕ್ಕನ ಹೊಟ್ಟೆ

ಐವತ್ತು ಹತ್ತಿರ ಬಂದಾಗ ಕಡ್ಡಿಯಕ್ಕನಿಗೆ ಹೊಟ್ಟೆ ಬಂತು. ಡ್ಯಾನ್ಸ್ ಕ್ಲಾಸಿನ ಹೆಂಗಸರೆಲ್ಲ ಅದನ್ನು ಬಾಯ್ತುಂಬ ಹೊಗಳಿದರು. ಅದು ರೋಗದ ಹೊಟ್ಟೆ ಎಂದು ಈಗ ಅವರೆಲ್ಲರಿಗೂ ಗೊತ್ತು. ಈಗ ಗೊತ್ತಾಗಿ ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು.

ಅವಳಿಗೂ ಹೆತ್ತವರು ಇಟ್ಟ ಹೆಸರೊಂದು ಇತ್ತು, ಕರೆಯುವವರು ಇರಲಿಲ್ಲ ಅಷ್ಟೆ. ಶಾಲೆಯಲ್ಲಿ ಕಡ್ಡಿ ಅಂದರು, ಮದುವೆಯಾದ ಮನೆಯಲ್ಲಿ ಅದನ್ನೇ ಮುಂದುವರಿಸಿದರು, ಕೆಲಸದ ಜಾಗದಲ್ಲಿ ಮರ್ಯಾದೆಗೆಂದು ಒಂದು ಅಕ್ಕ ಸೇರಿಸಿದರು. ಮೈಯೂ ಹಾಗೇ ಇತ್ತು. ಕುತ್ತಿಗೆಯ ಕೆಳಗೆ ಎರಡು ಗುಳಿ, ಬಳೆ ಹಾಕಿದರೆ ಮೊಣಕೈವರೆಗೂ ಜಾರುವ ಕೈ, ಬೆನ್ನಿಗೆ ಅಂಟಿದ ಹೊಟ್ಟೆ. ಎಷ್ಟು ತಿಂದರೂ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು ಎಂದು ಅವಳ ಅತ್ತೆ ಬದುಕಿರುವಷ್ಟು ದಿನವೂ ಹೇಳಿದಳು. ಮಕ್ಕಳಾಗಲಿಲ್ಲ. ಅದಕ್ಕೂ ಆ ಮೈಯನ್ನೇ ಬೈದರು.

ಸಿದ್ಧ ಉಡುಪಿನ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಅವಳ ಕೆಲಸ. ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಗಳ ಹಿಂದೆ ಒಂದು ಟ್ಯೂಬ್‌ಲೈಟು, ಒಂದು ಹೊಲಿಗೆ ಮೆಷೀನು, ಒಂದು ಇಸ್ತ್ರಿ ಮೇಜು. ಗಿರಾಕಿ ಕೊಂಡ ಪ್ಯಾಂಟಿನ ಕಾಲು ಮಡಿಸುವುದು, ತೋಳು ಗಿಡ್ಡ ಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಹೋದ ವರ್ಷ ಕೊಂಡ ಪ್ಯಾಂಟು ಈ ವರ್ಷ ಗುಂಡಿ ಹಾಕಲು ಬರುತ್ತಿಲ್ಲ ಎಂದು ತರುವವರೇ ಬಹಳ. ಟೇಪು ಸುತ್ತಿದ ತಕ್ಷಣ ನಿಜ ಗೊತ್ತಾಗುತ್ತದೆ. ಆದರೆ ಆ ಕೆಲಸದಲ್ಲಿ ಒಂದು ನಡತೆಯಿದೆ. ಅಳತೆಯನ್ನು ಬಾಯಿಬಿಟ್ಟು ಹೇಳಬಾರದು, ಸೊಂಟ ದಪ್ಪವಾಗಿದೆ ಅನ್ನಲೇಬಾರದು. "ಬಟ್ಟೆ ಕುಗ್ಗಿದೆ ಮೇಡಂ, ಈಗಿನ ಬಟ್ಟೆ ಎಲ್ಲ ಹೀಗೇ" ಅನ್ನಬೇಕು. ಗಿರಾಕಿಗೂ ಅದು ಸುಳ್ಳು ಎಂದು ಗೊತ್ತು, ಕೇಳಲು ಹಿತ. ಕಡ್ಡಿಯಕ್ಕ ಈ ಮಾತನ್ನು ದಿನಕ್ಕೆ ಎಷ್ಟೋ ಸಲ ಹೇಳಿ ಹೇಳಿ, ಕೊನೆಗೆ ಅದು ಅವಳ ನಾಲಿಗೆಯ ಮೇಲೆ ತಾನಾಗಿ ಬರುತ್ತಿತ್ತು.

ಗಂಡನದು ಇದಕ್ಕೆ ತದ್ವಿರುದ್ಧ ಬಾಯಿ. ಲಿಫ್ಟ್ ರಿಪೇರಿ ಅವನ ಕಸುಬು. ದಿನವಿಡೀ ಕತ್ತಲೆಯ ಗುಂಡಿಯಲ್ಲಿ ನೇತಾಡಿಕೊಂಡು, ಮೇಲಿನ ಮಹಡಿಯಲ್ಲಿರುವ ಜೊತೆಗಾರನಿಗೆ ಕೇಳಲೆಂದು ಕೂಗಿಯೇ ಮಾತಾಡಿ ಅಭ್ಯಾಸ. ಮನೆಗೆ ಬಂದರೂ ಅವನ ಮಾತು ಒಂದೋ ಕೂಗು, ಇಲ್ಲವೇ ಗೇಲಿ. "ನೀನು ಹತ್ತಿದ್ರೆ ನಮ್ಮ ಲಿಫ್ಟಿಗೆ ಗೊತ್ತೇ ಆಗಲ್ಲ ಕಣೆ, ಖಾಲಿ ಇದೆ ಅಂದ್ಕೊಂಡು ಲೈಟ್ ಆರಿಸಿಬಿಡುತ್ತೆ" ಅನ್ನುತ್ತಿದ್ದ. ಗಾಳಿ ಬೀಸಿದರೆ "ಕಿಟಕಿ ಹಾಕು, ಹಾರಿಗೀರಿ ಹೋದೀಯ" ಅನ್ನುತ್ತಿದ್ದ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಜ್ವರ ಬಂದರೆ ಗಂಜಿ ಮಾಡಿ ಕೊಡುವಷ್ಟು ಒಳ್ಳೆಯವನೇ. ನಾಲಿಗೆಗೆ ಎಲುಬಿಲ್ಲ, ಅದೊಂದೇ ಕೇಡು. ಮೊದಮೊದಲು ಅವಳು ಅತ್ತಳು, ಆಮೇಲೆ ಹೊಟ್ಟೆಗೆ ಹಾಕಿಕೊಂಡಳು, ಕೊನೆಕೊನೆಗೆ ಕೇಳಿಸಿಕೊಳ್ಳುವುದನ್ನೇ ಬಿಟ್ಟಳು. ಅವನು ಬಾಯಿ ತೆರೆದ ಕೂಡಲೇ ಅವಳ ಕಿವಿಯ ಬಾಗಿಲು ಮುಚ್ಚುತ್ತಿತ್ತು.

ಡ್ಯಾನ್ಸ್ ಕ್ಲಾಸಿನ ಟೀಚರ್ ಅಂಗಡಿಗೆ ಬಂದದ್ದು ಒಂದು ಮೂಟೆ ಲಂಗಗಳ ಜೊತೆಗೆ. ಎತ್ತರದ ಆಳು, ಅಗಲದ ಮೈ, ನಡೆದರೆ ನೆಲಕ್ಕೆ ಗೊತ್ತಾಗಬೇಕು ಅನ್ನುವ ನಡಿಗೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೆಲ್ಲಿ ಡ್ಯಾನ್ಸ್ ಹೇಳಿಕೊಡುತ್ತಾಳಂತೆ. ಲಂಗಗಳ ಸೊಂಟ ಹೊಕ್ಕುಳಿನ ಕೆಳಗೆ ನಿಲ್ಲಬೇಕು, ಕುಣಿದರೆ ಜಾರಬಾರದು. ಕಡ್ಡಿಯಕ್ಕ ಒಂದನ್ನು ಕೈಗೆತ್ತಿಕೊಂಡು ಪಟ್ಟಿಯ ಸುತ್ತ ಹೊಲಿದ ತಗಡಿನ ಬಿಲ್ಲೆಗಳನ್ನು ಅಲ್ಲಾಡಿಸಿ ನೋಡಿದಳು. ಝಣಝಣ ಎಂದಿತು.

"ಕುಣಿಯುವಾಗ ಇದು ಎಲ್ಲಿ ಎಳೆಯುತ್ತೆ ಅಂತ ನೋಡದೆ ಹೊಲಿದ್ರೆ ನಿಲ್ಲಲ್ಲ ಮೇಡಂ" ಅಂದಳು.

"ಹಾಗಾದ್ರೆ ಬಂದು ನೋಡಿ. ನೋಡೋದೇನು, ನೀವೂ ಒಂದು ಕಟ್ಕೊಂಡು ನಿಂತ್ಕೊಳ್ಳಿ" ಅಂದಳು ಟೀಚರ್.

ಕಡ್ಡಿಯಕ್ಕ ಹೋದದ್ದು ಹೊಲಿಗೆಗೆ. ಉಳಿದದ್ದು ಯಾಕೆ ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಮೇಲೆ ಉದ್ದನೆಯ ಕೋಣೆ, ಒಂದು ಗೋಡೆಯ ತುಂಬ ಕನ್ನಡಿ, ಮೂಲೆಯಲ್ಲಿ ಚಪ್ಪಲಿಗಳ ರಾಶಿ. ಹತ್ತು ಹನ್ನೆರಡು ಹೆಂಗಸರು. ಒಬ್ಬಳ ಹೊಟ್ಟೆ ಮೂರು ಮಡಿಕೆ, ಇನ್ನೊಬ್ಬಳದು ಹೆರಿಗೆಯ ಗೆರೆಗಳದ್ದು, ಮತ್ತೊಬ್ಬಳದು ಆಪರೇಷನ್ನಿನ ಹೊಲಿಗೆಯದ್ದು. ಎಲ್ಲರೂ ಅಂಗಿಯನ್ನು ಎದೆಯ ಕೆಳಗೆ ಗಂಟು ಹಾಕಿ, ಹೊಟ್ಟೆ ಬಿಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಕಡ್ಡಿಯಕ್ಕ ಜೀವಮಾನದಲ್ಲಿ ಎಷ್ಟೋ ಸೊಂಟಗಳಿಗೆ ಟೇಪು ಸುತ್ತಿದ್ದಳು. ಟೇಪು ಸುತ್ತಿದ ಕೂಡಲೇ ಎಲ್ಲರೂ ಉಸಿರೆಳೆದು ಹೊಟ್ಟೆ ಒಳಗೆ ಎಳೆದುಕೊಳ್ಳುವವರೇ, ಹಾಗೆ ಎಳೆದುಕೊಳ್ಳದ ಹೆಂಗಸರನ್ನು ಅವಳು ನೋಡಿದ್ದು ಅದೇ ಮೊದಲು.

ಆ ಕ್ಲಾಸಿನಲ್ಲಿ ಒಂದು ನಿಯಮವಿತ್ತು. ತನ್ನ ಹೊಟ್ಟೆಯ ಬಗ್ಗೆಯಾಗಲಿ ಇನ್ನೊಬ್ಬಳ ಹೊಟ್ಟೆಯ ಬಗ್ಗೆಯಾಗಲಿ ಯಾರೂ ಕೊಂಕು ಆಡುವಂತಿಲ್ಲ. ದಪ್ಪ, ಬೊಜ್ಜು, ಊದಿದೆ, ಬಂದುಬಿಟ್ಟಿದೆ, ಇಂಥ ಮಾತು ಯಾರ ಬಾಯಿಂದ ಬಿದ್ದರೂ ಅವಳು ಎಲ್ಲರ ಮುಂದೆ ಒಬ್ಬಳೇ ನಿಂತು ಒಂದು ಹಾಡು ಮುಗಿಯುವವರೆಗೂ ಸೊಂಟ ನಡುಗಿಸಬೇಕು. ಟೀಚರ್ ಚಿಕ್ಕವಳಿದ್ದಾಗ ತೆಳ್ಳಗಾಗಲು ಹೋಗಿ ಉಪವಾಸ ಬಿದ್ದು ಸಾಯುವ ಹಂತ ಮುಟ್ಟಿದ್ದವಳು. ಅಲ್ಲಿಂದ ಹುಟ್ಟಿದ ನಿಯಮ ಅದು. ಕೆಟ್ಟ ನಿಯಮ ಎಂದು ಯಾರಾದರೂ ಹೇಳಲಿ ನೋಡೋಣ. ಹೊರಗೆ ಊರೆಲ್ಲ ಹೆಂಗಸರ ಹೊಟ್ಟೆಯ ಲೆಕ್ಕ ಇಡುವಾಗ ಇದೊಂದು ಕೋಣೆಯಲ್ಲಾದರೂ ಬಿಡುವು ಸಿಕ್ಕಿತ್ತು.

ಆ ಶಿಕ್ಷೆಗೆ ಹೆಚ್ಚಾಗಿ ಗುರಿಯಾಗುತ್ತಿದ್ದವಳು ಬೇಕರಿಯವಳು. ಅವಳೂ ಅವಳ ಗಂಡನೂ ಮೂಲೆ ಬೀದಿಯಲ್ಲಿ ಬ್ರೆಡ್ಡಿನ ಅಂಗಡಿ ನಡೆಸುತ್ತಿದ್ದರು. ಗುಂಡಗಿನ ಮೈ, ತಡೆಯಿಲ್ಲದ ಬಾಯಿ. ಕಡ್ಡಿಯಕ್ಕನನ್ನು ಮೊದಲ ದಿನ ನೋಡಿದವಳೇ, "ಅಯ್ಯೋ ಅಕ್ಕ, ನಿಮ್ಮ ಹೊಟ್ಟೆ ಮನೇಲೇ ಬಿಟ್ಟು ಬಂದ್ರಾ?" ಅಂದುಬಿಟ್ಟಳು. ಟೀಚರ್ ಕಣ್ಣು ಕೆಕ್ಕರಿಸಿದಳು. ಬೇಕರಿಯವಳು ಒಂದು ಹಾಡಿನುದ್ದಕ್ಕೂ ಸೊಂಟ ಕುಲುಕಿ, ಬೆವರಿ, ಕೊನೆಗೆ ನೆಲದ ಮೇಲೆ ಕುಕ್ಕರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಡ್ಡಿಯಕ್ಕನೂ ನಕ್ಕಳು. ತನ್ನ ಮೈಯನ್ನು ಆಡಿಕೊಂಡದ್ದಕ್ಕೆ ಒಬ್ಬರಿಗೆ ಶಿಕ್ಷೆಯಾದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವತ್ತೇ ಅವಳು ಆ ಕ್ಲಾಸಿಗೆ ಸೇರಿದಳು, ಬೇಕರಿಯವಳೇ ಅವಳ ಜೋಡಿಯಾದಳು.

ಕಲಿಯುವುದು ಸುಲಭವಾಗಲಿಲ್ಲ. ಅವಳ ಸೊಂಟಕ್ಕೆ ಕಟ್ಟಿದ ಪಟ್ಟಿಯ ಬಿಲ್ಲೆಗಳು ಸದ್ದೇ ಮಾಡುತ್ತಿರಲಿಲ್ಲ, ಅಲ್ಲಾಡಲು ಮಾಂಸ ಬೇಕಲ್ಲ. "ಒಳಗೆ ಎಳ್ಕೋಬೇಡಿ ಅಕ್ಕ, ಬಿಡಿ. ಹೊಟ್ಟೆ ನಿಮ್ಮದೇ, ಕದ್ದು ತಂದಿದ್ದಲ್ಲ" ಎಂದು ಟೀಚರ್ ಪ್ರತಿ ಸಲ ಹೇಳುತ್ತಿದ್ದಳು. ಜೋಡಿಗಳು ಎದುರುಬದುರು ನಿಂತು ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ಅಂಗೈ ಇಟ್ಟು, ಮೇಲಿನಿಂದ ಕೆಳಗೆ ಅಲೆ ಇಳಿಯುವುದನ್ನು ತಿಳಿಯಬೇಕು. ಬೇಕರಿಯವಳ ಹೊಟ್ಟೆಯಲ್ಲಿ ಅಲೆ ಎದ್ದರೆ ಕಡ್ಡಿಯಕ್ಕನ ಕೈ ತೇಲುತ್ತಿತ್ತು. ಕಡ್ಡಿಯಕ್ಕನದರಲ್ಲಿ ಬೇಕರಿಯವಳಿಗೆ ಸಿಗುತ್ತಿದ್ದದ್ದು ಪಕ್ಕೆಲುಬು. ಆದರೂ ಕಡ್ಡಿಯಕ್ಕ ಒಂದು ವಾರವೂ ತಪ್ಪಿಸಲಿಲ್ಲ. ಗಂಡ "ಅಲ್ಲಾಡಿಸೋಕೆ ಏನಿದೆ ಅಂತ ಅಲ್ಲಿಗೆ ಹೋಗ್ತೀಯೆ, ಮೂಳೆ ಕಟಕಟ ಅನ್ನಲ್ವಾ?" ಎಂದು ಕೇಳಿದಾಗ ಎಂದಿನಂತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ವರ್ಷ ಹೊಟ್ಟೆ ಬಂತು. ಒಂದು ದಿನ ಬಿಲ್ಲೆಗಳು ಸಣ್ಣಗೆ ಸದ್ದು ಮಾಡಿದವು. ಇನ್ನೊಂದು ತಿಂಗಳಲ್ಲಿ ಕನ್ನಡಿಯೊಳಗೆ ಹೊಕ್ಕುಳಿನ ಕೆಳಗೆ ಒಂದು ಉಬ್ಬು ಕಾಣಿಸಿತು. ಎಲ್ಲರಿಗಿಂತ ಮೊದಲು ಕಂಡವಳು ಟೀಚರ್. ಅವಳನ್ನು ಸಾಲಿನ ಮುಂದಕ್ಕೆ ಎಳೆದು ನಿಲ್ಲಿಸಿ, "ನೋಡಿ, ಹೊಟ್ಟೆಗೆ ಹೆದರಿಕೆ ಬಿಟ್ರೆ ಅದು ತಾನೇ ಬರುತ್ತೆ ಅಂತ ನಾನು ಹೇಳಿರಲಿಲ್ವಾ?" ಅಂದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಕಡ್ಡಿಯಕ್ಕನಿಗೆ ಕಣ್ಣಲ್ಲಿ ನೀರು ಬಂತು. ತನ್ನ ಮೈಯಲ್ಲಿ ಹೊಗಳುವಂಥದ್ದು ಏನಾದರೂ ಇದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಅಂದುಕೊಂಡಿರಲಿಲ್ಲ.

ಅವಳ ಅಂಡಾಶಯದಲ್ಲಿ ಗೆಡ್ಡೆ ಬೆಳೆಯುತ್ತಿತ್ತು, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಅದನ್ನು ನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ನಡೆದದ್ದು ಅದೇ.

ಗುರುತುಗಳು ಇರಲಿಲ್ಲವೆಂದಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಟೈರ್ ಅಂಗಡಿಯ ಮೆಟ್ಟಿಲಲ್ಲಿ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಸೊಂಟದ ಹಿಂದೆ ಒಂದು ನೋವು ಕೂತುಬಿಟ್ಟಿತ್ತು, ಕುಣಿದದ್ದಕ್ಕೆ ಎಂದು ಅವಳು ಅಂದುಕೊಂಡಳು. ಅವಳ ಸ್ಕರ್ಟುಗಳು ಬಿಗಿಯಾದವು. ನೆಲಮಾಳಿಗೆಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತನ್ನದೇ ಸ್ಕರ್ಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು. ಲೆಕ್ಕ ಬರೆಯುವ ಹುಡುಗಿ ಅದನ್ನು ನೋಡಿ ಏನಕ್ಕಾ ಎಂದು ಕೇಳಿದಳು. ಯೋಚಿಸುವ ಮೊದಲೇ ಬಾಯಿಂದ ಬಂದದ್ದು, "ಬಟ್ಟೆ ಕುಗ್ಗಿದೆ" ಎಂಬ ಮಾತು.

ಬೇಕರಿಯವಳ ಕೈಗೆ ಮಾತ್ರ ಒಂದು ದಿನ ನಿಜ ಸಿಕ್ಕಿತು. ಎದುರುಬದುರು ನಿಂತು ಅಂಗೈ ಇಟ್ಟಾಗ ಕಡ್ಡಿಯಕ್ಕನ ಹೊಟ್ಟೆಯ ಎಡಗಡೆ ಒಂದು ಗಟ್ಟಿ ಜಾಗ ತಗುಲಿತು. ಅಲೆ ಬಂದು ಅಲ್ಲಿ ನಿಂತು ಹೋಗುತ್ತಿತ್ತು. ದಿನವೂ ಹಿಟ್ಟು ನಾದುವವಳಿಗೆ ಮೆತ್ತಗಿರುವುದರೊಳಗಿನ ಗಂಟು ಗೊತ್ತಾಗದೆ ಇರುತ್ತದೆಯೇ? ಅವಳು ಬಾಯಿ ತೆರೆದಳು. ಟೀಚರ್ ಹತ್ತಿರವೇ ನಿಂತಿದ್ದಳು. ಊದಿದೆ, ಗಂಟಿದೆ, ಏನು ಹೇಳಹೊರಟರೂ ಅದು ನಿಯಮಕ್ಕೆ ತಗುಲುವ ಮಾತೇ. ಕಡ್ಡಿಯಕ್ಕನ ಮುಖವಾದರೋ ಅರಳಿತ್ತು, ಏನು ಹೇಳುತ್ತಾಳೋ ಎಂದು ಕಾಯುತ್ತಿತ್ತು.

"ಎಷ್ಟು ಗಟ್ಟಿಯಾಗಿದೆ ಅಕ್ಕ ನಿಮ್ಮ ಹೊಟ್ಟೆ! ನಂದು ನೋಡಿ, ಬರೀ ಹಿಟ್ಟು" ಅಂದಳು ಬೇಕರಿಯವಳು.

"ಒಂದೂವರೆ ವರ್ಷದ ಕಸರತ್ತು ಅದು" ಎಂದು ಟೀಚರ್ ಬೆನ್ನು ತಟ್ಟಿದಳು. ಬೇಕರಿಯವಳಿಗೂ ಸಮಾಧಾನವಾಯಿತು. ಇರಬಹುದು, ಕಸರತ್ತಿಗೆ ಗಟ್ಟಿಯಾಗಿರಬಹುದು.

ಕಂಡದ್ದನ್ನು ಕಂಡಂತೆ ಹೇಳಿದವನು ಗಂಡ. ಒಂದು ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆ ಬಿಟ್ಟು ಅವಳನ್ನೇ ನೋಡಿದ.

"ಏನೇ ಇದು? ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಕಡ್ಡಿಗೆ ಕುಂಬಳಕಾಯಿ ಕಟ್ಟಿದ ಹಾಗಿದೀಯ. ಯಾವುದಾದ್ರೂ ಡಾಕ್ಟರಿಗೆ ತೋರಿಸ್ಬಾರ್ದಾ?"

ಮಾತಿನ ಕೊನೆಯಲ್ಲಿ ಡಾಕ್ಟರ್ ಇದ್ದ, ಮೊದಲಲ್ಲಿ ಗುಡಾಣವೂ ಕುಂಬಳಕಾಯಿಯೂ ಇದ್ದವು. ಅವಳಿಗೆ ಕೇಳಿಸಿದ್ದು ಮೊದಲಿನದು ಮಾತ್ರ. ಎಷ್ಟೋ ವರ್ಷ ತೆಳ್ಳಗಿದ್ದೀಯ ಎಂದು ಹಂಗಿಸಿದವನು, ಈಗ ಮೈ ಬಂದರೆ ಅದಕ್ಕೂ ಹಂಗಿಸುತ್ತಿದ್ದಾನೆ. ಇವನಿಗೆ ಹೇಗಿದ್ದರೂ ಆಗದು. ತೋಳ ಬಂತು ತೋಳ ಎಂದು ದಿನವೂ ಕೂಗಿದವನ ಮಾತನ್ನು ತೋಳ ಬಂದ ದಿನ ಯಾರು ನಂಬುತ್ತಾರೆ? ಅವಳು ಚಮಚ ಕೆಳಗಿಟ್ಟಳು.

"ನನ್ನ ಹೊಟ್ಟೆ ರೀ ಇದು. ಕದ್ದು ತಂದಿದ್ದಲ್ಲ. ನೀವು ನೋಡಬೇಡಿ."

ಮದುವೆಯಾದಾಗಿನಿಂದ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಅವನು ಪೆಚ್ಚಾದ. ಆಮೇಲೆ ಒಂದೆರಡು ಸಲ ಮತ್ತೆ ಪ್ರಯತ್ನಪಟ್ಟ. ಪ್ರಯತ್ನ ಅಂದರೆ ಅವನದೇ ರೀತಿಯಲ್ಲಿ. "ಲಿಫ್ಟಿಗೆ ಭಾರ ಜಾಸ್ತಿಯಾದ್ರೆ ಗಂಟೆ ಹೊಡೆಯುತ್ತೆ ಕಣೆ, ನಿಂಗೂ ಒಂದು ಗಂಟೆ ಕಟ್ಟಿಸಬೇಕು, ನಡಿ ಆಸ್ಪತ್ರೆಗೆ" ಅಂದ. ಗೇಲಿಯಿಲ್ಲದೆ ಒಂದು ವಾಕ್ಯ ಕೂಡಿಸಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ಅವನ ಕಣ್ಣಲ್ಲಿ ಹೆದರಿಕೆಯಿತ್ತು. ಅವಳು ಮುಖವೆತ್ತಿ ನೋಡಿದ್ದರೆ ಕಾಣುತ್ತಿತ್ತು, ನೋಡಲಿಲ್ಲ.

ಕ್ಲಾಸಿನಲ್ಲಿ ಅವಳು ಗಂಡನಿಗೆ ಕೊಟ್ಟ ಉತ್ತರವನ್ನು ಹೇಳಿದಾಗ ಹೆಂಗಸರು ಕುಣಿದಾಡಿಬಿಟ್ಟರು. ಬೇಕರಿಯವಳು ಅವಳನ್ನು ತಬ್ಬಿಕೊಂಡಳು. "ಭೇಷ್! ಗಂಡಸರ ಬಾಯಿಗೆ ಹೀಗೇ ಬೀಗ ಹಾಕಬೇಕು" ಅಂದಳು ಟೀಚರ್. ಆ ವರ್ಷದ ಕೊನೆಗೆ ಕ್ಲಾಸಿನ ಪ್ರದರ್ಶನವಿತ್ತು, ಬಾಡಿಗೆಯ ಹಾಲಿನಲ್ಲಿ, ಬಂಧುಬಳಗವನ್ನೆಲ್ಲ ಕರೆದು. ಮೊದಲ ಸಾಲಿನ ನಡುವೆ ಕಡ್ಡಿಯಕ್ಕನೇ ನಿಲ್ಲಬೇಕು ಎಂದು ಅವತ್ತೇ ತೀರ್ಮಾನವಾಯಿತು.

ಎಲ್ಲರ ಉಡುಪು ಹೊಲಿಯುವ ಕೆಲಸ ಅವಳ ಪಾಲಿಗೇ ಬಂತು. ಒಬ್ಬೊಬ್ಬರದನ್ನೂ ಮುಗಿಸಿ ಕೊನೆಗೆ ತನ್ನದಕ್ಕೆ ಕೈ ಹಾಕಿದಳು. ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವು, ಲೆಕ್ಕದ ಹುಡುಗಿ ಊಟಕ್ಕೆ ಹೋಗಿದ್ದಳು. ಕಡ್ಡಿಯಕ್ಕ ಬಟ್ಟೆ ಹಾಕಿ ನೋಡುವ ಕೋಣೆಯೊಂದಕ್ಕೆ ಹೋಗಿ ಚಿಲಕ ಹಾಕಿ, ಅಂಗಿ ಎತ್ತಿ, ಹೊಟ್ಟೆಗೆ ಟೇಪು ಸುತ್ತಿದಳು. ಆಮೇಲೆ ಅಭ್ಯಾಸಬಲದಿಂದ ತೋಳಿಗೂ ಸುತ್ತಿದಳು, ಎದೆಗೂ ಸುತ್ತಿದಳು.

ಅಲ್ಲಿ ಅವಳ ಕೈ ನಿಂತಿತು. ಮೈ ಬರುವುದು ಹೇಗೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೈ ಬಂದರೆ ಎಲ್ಲ ಕಡೆಯೂ ಬರುತ್ತದೆ. ಸೊಂಟ ಸಡಿಲ ಮಾಡಿಸಿದವರು ಮುಂದಿನ ತಿಂಗಳು ತೋಳು ಸಡಿಲ ಮಾಡಿಸಲು ಬರುತ್ತಾರೆ. ತನ್ನ ತೋಳು ಹೋದ ವರ್ಷದ ಅಂಗಿಯಲ್ಲಿ ಜೋತಾಡುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆಯ ಗುಳಿ ಇನ್ನೂ ಆಳವಾಗಿತ್ತು. ಹೊಟ್ಟೆಯೊಂದೇ ಬೆಳೆದಿತ್ತು, ಉಳಿದ ಮೈಯನ್ನು ತಿಂದುಕೊಂಡು. ಇಂಥ ಅಳತೆಯ ಗಿರಾಕಿಯೊಬ್ಬಳು ಹಿಂದೆ ಬರುತ್ತಿದ್ದಳು. ಅವಳಿಗೂ ಬಟ್ಟೆ ಕುಗ್ಗಿದೆ ಎಂದು ಹೇಳಿ ಸೊಂಟ ಬಿಚ್ಚಿ ಕೊಟ್ಟಿದ್ದಳು. ಆಕೆ ಕೊನೆಯ ಸಲ ಕೊಟ್ಟಿದ್ದ ಸ್ಕರ್ಟನ್ನು ತೆಗೆದುಕೊಂಡು ಹೋಗಲು, ಆಕೆ ತೀರಿಕೊಂಡ ಮೇಲೆ, ಮಗಳು ಬಂದಿದ್ದಳು.

ಕನ್ನಡಿಯ ಮುಂದೆ ಕಡ್ಡಿಯಕ್ಕ ಬಹಳ ಹೊತ್ತು ನಿಂತಳು. ಅವತ್ತು ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು, ಅದು ಸುಳ್ಳು. ದೀಪದ ಕೆಳಗಿನ ಕತ್ತಲೆಗೆ ಅವತ್ತು ಬೆಳಕು ಬಿದ್ದಿತ್ತು. ಆದರೆ ಡಾಕ್ಟರ ಬಳಿಗೆ ಹೋದರೆ ಈ ಹೊಟ್ಟೆಯನ್ನು ತೆಗೆದುಬಿಡುತ್ತಾರೆ. ಬದುಕಿಡೀ ಕಡ್ಡಿಯಾಗಿದ್ದವಳಿಗೆ ಒಂದು ಮೈ ಸಿಕ್ಕಿತ್ತು, ಅದಕ್ಕೆ ಹನ್ನೆರಡು ಹೆಂಗಸರ ಮೆಚ್ಚುಗೆಯಿತ್ತು, ಮೊದಲ ಸಾಲಿನ ನಡುವೆ ಒಂದು ಜಾಗವಿತ್ತು. ಜೀವ ದೊಡ್ಡದೋ ಇದು ದೊಡ್ಡದೋ ಎಂದು ನಾವು ನೀವು ಸುಲಭವಾಗಿ ಹೇಳಿಬಿಡುತ್ತೇವೆ. ಅವಳಿಗೆ ಅಷ್ಟು ಸುಲಭವಾಗಲಿಲ್ಲ. ಪ್ರದರ್ಶನ ಮುಗಿಯಲಿ, ಆಮೇಲೆ ತೋರಿಸೋಣ ಅಂದುಕೊಂಡಳು. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದು ಬಟ್ಟೆ ಕತ್ತರಿಸಲು ಕೂತಳು.

ಪ್ರದರ್ಶನದ ದಿನ ಅವಳು ಕುಣಿದದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಹಸಿರು ಲಂಗ, ಹೊಕ್ಕುಳಿನ ಕೆಳಗೆ ಬಿಲ್ಲೆಗಳ ಮೂರು ಸಾಲು. ದೀಪದ ಬೆಳಕು ಆ ದುಂಡಗಿನ ಹೊಟ್ಟೆಯ ಮೇಲೆ ಬಿದ್ದು ಜಾರುತ್ತಿತ್ತು. ನೋವಿಗೆ ಎರಡು ಮಾತ್ರೆ ನುಂಗಿ ಬಂದಿದ್ದಳು. ಬಿಲ್ಲೆಗಳು ಹಾಡಿನ ತಾಳಕ್ಕೆ ಒಂದಿಷ್ಟೂ ತಪ್ಪದೆ ಝಣಗುಟ್ಟಿದವು, ಜನ ಶಿಳ್ಳೆ ಹಾಕಿದರು. ಗಂಡ ಕೆಲಸದಿಂದ ಗ್ರೀಸಿನ ಅಂಗಿಯಲ್ಲೇ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದ. ಅವಳ ಬರಿಯ ಹೊಟ್ಟೆಯನ್ನು ಅಷ್ಟು ಬೆಳಕಿನಲ್ಲಿ ಅವನು ನೋಡಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿತ್ತು, ನೀಲಿ ನರಗಳು ಎದ್ದಿದ್ದವು, ಹೊಕ್ಕುಳು ಹೊರಗೆ ತಿರುಗಿಕೊಂಡಿತ್ತು.

ಹಾಡು ಮುಗಿದು ಪರದೆ ಎಳೆದದ್ದೇ ತಡ, ಅವನು ಜನರನ್ನು ನೂಕಿಕೊಂಡು ವೇದಿಕೆಯ ಹಿಂದಕ್ಕೆ ಬಂದ. ಅವಳು ಕುರ್ಚಿಯ ಬೆನ್ನು ಹಿಡಿದು ಉಸಿರಾಡುತ್ತಿದ್ದಳು.

"ನಡಿ ಆಸ್ಪತ್ರೆಗೆ" ಎಂದು ಕೂಗಿದ. "ಸಾಕು ನಿನ್ನ ಕೋತಿ ಕುಣಿತ! ಹೊಟ್ಟೆ ನೋಡ್ಕೋ, ಒಡೆದು ಹೋಗೋ ಬಲೂನಿನ ಹಾಗಿದೆ!"

ಹೆಂಗಸರೆಲ್ಲ ಮರುಕ್ಷಣವೇ ಅವಳ ಸುತ್ತ ಬೇಲಿ ಕಟ್ಟಿ ನಿಂತರು. "ಇಂಥ ದಿನಾನೂ ನಿಮಗೆ ಹೆಂಡತೀನ ಅವಮಾನ ಮಾಡಬೇಕಾ?" ಎಂದು ಟೀಚರ್ ಅವನ ಎದೆಯ ಮುಂದೆ ಕೈ ಅಡ್ಡ ಇಟ್ಟಳು. "ಅಣ್ಣ, ದಯವಿಟ್ಟು ಹೊರಗೆ ಹೋಗಿ" ಅಂದಳು ಬೇಕರಿಯವಳು. ಹೇಳುವಾಗ ಅವಳ ಅಂಗೈಗೆ ಆ ಗಟ್ಟಿ ಜಾಗದ ನೆನಪು ಬಂತಂತೆ. ಬಂದರೂ ಸರಿದು ದಾರಿ ಬಿಡಲಿಲ್ಲ.

ಅವನು ಬೇಲಿಯಾಚೆಯಿಂದ ಹೆಂಡತಿಯನ್ನು ನೋಡಿದ. "ನಾನು ತಮಾಷೆ ಮಾಡ್ತಿಲ್ಲ ಕಣೆ" ಅಂದ. ಆ ಮಾತನ್ನೂ ಅವನು ಕೂಗಿಯೇ ಹೇಳಿದ್ದರಿಂದ ಬೈದ ಹಾಗೆಯೇ ಕೇಳಿಸಿತು. ಕಡ್ಡಿಯಕ್ಕ ಅತ್ತ ತಿರುಗಲಿಲ್ಲ. ಫೋಟೋ ತೆಗೆಯುವವನು ಕರೆದ. ಅವಳನ್ನು ನಡುವೆ ನಿಲ್ಲಿಸಿಕೊಂಡು ಎಲ್ಲರೂ ನಕ್ಕರು.

ಅದಾದ ಮೇಲೂ ಅವಳು ಡಾಕ್ಟರ ಬಳಿಗೆ ಹೋಗಲಿಲ್ಲ. ಇವತ್ತು ನಾಳೆ ಎಂದು ದಿನ ದೂಡಿದಳು. ಮುಂದೊಂದು ವಾರ ಕ್ಲಾಸಿಗೆ ಬಂದಾಗ ಮೆಟ್ಟಿಲು ಹತ್ತಲು ಆಗಲೇ ಇಲ್ಲ, ಕೆಳಗೆ ಪೇರಿಸಿಟ್ಟ ಟೈರುಗಳ ಮೇಲೆ ಕೂತುಬಿಟ್ಟಳು. ತಡವಾಗಿ ಬಂದ ಬೇಕರಿಯವಳು ಅವಳ ತುಟಿಯ ಬಣ್ಣ ನೋಡಿ ಕೂಗಿಕೊಂಡಳು. ಟೈರ್ ಅಂಗಡಿಯವನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಹೊಟ್ಟೆಗೆ ನಳಿಕೆ ಚುಚ್ಚಿ ನೀರು ಇಳಿಸಿದರು. ಬಾಟಲಿಯ ಮೇಲೆ ಬಾಟಲಿ ತುಂಬಿತು, ಕಂದು ಬಣ್ಣದ ನೀರು. ಪರೀಕ್ಷೆಗಳಾದವು. ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನವಳು, ಇನ್ನೂ ಸಿಟ್ಟು ಮಾಡಿಕೊಳ್ಳುವ ವಯಸ್ಸು. ಹಾಸಿಗೆಯ ಸುತ್ತ ನಿಂತಿದ್ದ ಕ್ಲಾಸಿನ ಹೆಂಗಸರನ್ನು ನೋಡಿ ಕೇಳಿಯೇಬಿಟ್ಟಳು: "ಇಷ್ಟು ಹೊಟ್ಟೆ ಬರೋವರೆಗೂ ಯಾರೂ ನೋಡಲೇ ಇಲ್ವಾ?"

ಕಡ್ಡಿಯಕ್ಕನೇ ದಿಂಬಿನ ಮೇಲಿಂದ ಹೇಳಿದಳು, "ಎಲ್ರೂ ನೋಡಿದ್ರು ಡಾಕ್ಟ್ರೇ."

ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ಟೀಚರ್ ಮಾತ್ರ ಹಾಸಿಗೆಯ ಕಬ್ಬಿಣದ ಕಂಬಿ ಹಿಡಿದು ಅಲ್ಲೇ ಕುಸಿದು ಕೂತಳು. ಬೇಕರಿಯವಳು ತನ್ನ ಅಂಗೈಯನ್ನು ನೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅನಿಸುತ್ತದೆ, ಮಾಡಿಕೊಳ್ಳಲು ಆಗುವುದಿಲ್ಲ. ಕಡ್ಡಿಯಕ್ಕನಿಗೆ ಒಳ್ಳೆಯ ಮಾತಾಡಿದವರು ಜಗತ್ತಿನಲ್ಲಿ ಅವರೇ. ಆ ನಿಯಮವನ್ನು ಟೀಚರ್ ಆಮೇಲೆ ತೆಗೆದುಹಾಕಿದಳು. ತೆಗೆದರೂ ಕ್ಲಾಸಿನಲ್ಲಿ ಈಗ ಯಾರೂ ಇನ್ನೊಬ್ಬಳ ಹೊಟ್ಟೆಯನ್ನು ಮುಟ್ಟುವುದಿಲ್ಲವಂತೆ.

ಮಾರನೆಯ ದಿನ ಮಧ್ಯಾಹ್ನ ಡಾಕ್ಟರು ಗಂಡನನ್ನು ಹೊರಗೆ ಕರೆದಳು. ಬಾಗಿಲಿನ ಗಾಜಿನಾಚೆ ಅವರಿಬ್ಬರೂ ನಿಂತದ್ದು ಕಡ್ಡಿಯಕ್ಕನಿಗೆ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಡಾಕ್ಟರೇ ಹೆಚ್ಚು ಮಾತಾಡಿದಳು. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ತಲೆ ಆಡಿಸುತ್ತಿದ್ದ. ಅವನು ಒಳಗೆ ಬಂದವನೇ ನಾನು ಹೇಳಿರಲಿಲ್ವಾ ಎಂದು ಶುರು ಮಾಡುತ್ತಾನೆ ಎಂದು ಅವಳು ಕಾದಳು. ಹಾಗೆ ಹೇಳುವ ಹಕ್ಕು ಅವನಿಗಿತ್ತು. ಈ ಸಲ ಪೂರ್ತಿ ಕೇಳಿಸಿಕೊಳ್ಳಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಅವನು ಬಂದು ಸ್ಟೂಲಿನ ಮೇಲೆ ಕೂತ. ಹೊದಿಕೆ ಸರಿಮಾಡಿದ. ನೀರು ಇಳಿದ ಮೇಲೆ ಹೊದಿಕೆಯಡಿಯಲ್ಲಿ ಅವಳ ಮೈ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

"ಡಾಕ್ಟರ್ ಏನಂದ್ರು?" ಎಂದು ಕೇಳಿದಳು.

ಅವನು ನೆಲ ನೋಡಿದ. "ಮಾತ್ರೆ ಕೊಡ್ತಾರಂತೆ."

"ಅಷ್ಟೇನಾ? ಬೈಯಲ್ವಾ ನೀವು? ಏನಾದ್ರೂ ಅನ್ನಿ ರೀ. ನೋಡಿ, ಮತ್ತೆ ಕಡ್ಡಿಯಾಗಿದೀನಿ."

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಎದೆಯೊಳಗಿಂದ ಏನನ್ನೋ ಮೇಲೆತ್ತಿ ತರುವವನ ಹಾಗೆ ಕಷ್ಟಪಟ್ಟ. ಆಮೇಲೆ, ಜೀವಮಾನದಲ್ಲಿ ಅವಳೆದುರು ಆಡದಷ್ಟು ಮೆಲ್ಲಗಿನ ದನಿಯಲ್ಲಿ ಹೇಳಿದ:

"ಚೆನ್ನಾಗಿದೀಯ ಕಣೆ. ತುಂಬಾ ಚೆನ್ನಾಗಿ ಕಾಣ್ತಿದೀಯ."

ಕಡ್ಡಿಯಕ್ಕ ಅವನನ್ನೇ ನೋಡುತ್ತ ಮಲಗಿದ್ದಳು. ಡಾಕ್ಟರ್ ಏನಂದರು ಎಂದು ಅವಳು ಮತ್ತೆ ಕೇಳಲಿಲ್ಲ.